ಅಪ್ಪನ ರಿಪೋರ್ಟು: ಭಾಗ 3

ಕಲಬುರಗಿಯೊಳಗ ಸ್ಕ್ಯಾನ್ ಮಾಡಿಸಿದಾಗ ಅಪ್ಪಗ ಫ್ಯಾಟಿ ಲಿವರ್ ಅಂತ ಬಂತು. "ನಾ ಕುಡಿಯೋನೇ ಅಲ್ಲ, ಲಿವರಿಗೇನಾಗ್ತದ?" ಅಂತ ನಕ್ಕು ರಿಪೋರ್ಟು ಅಲಮಾರಿಗೆ ಹಾಕಿದ್ರು. ನಾನೂ ಸುಮ್ಮನಾದೆ.

ಎರಡು ವರ್ಷದ ಮೇಲೆ ಮೂತ್ರದಾಗ ಅಲ್ಬುಮಿನ್ ಸೋರ್ತದ ಅಂತ ಗೊತ್ತಾಯ್ತು. ಕ್ರಿಯಾಟಿನಿನ್ ಮಾತ್ರ ನಾರ್ಮಲ್! ಕಿಡ್ನಿಯ ಜರಡಿ ಮೊದಮೊದಲು ಸದ್ದಿಲ್ಲದೆ ಸೋರ್ತದ. ನೋವು, ಬಾವು ಏನೂ ಇರಂಗಿಲ್ಲ.

ಲಿವರಿನ ಕೊಬ್ಬು, ಸಕ್ಕರೆ ಕಾಯಿಲೆ, ಬಿಪಿ, ಹೊಟ್ಟೆಯ ಬೊಜ್ಜು ಎಲ್ಲಾ ಒಂದೇ ಬಳಗ. ಈ ಬಳಗ ಕಿಡ್ನಿಯನ್ನೂ ಬಿಡಂಗಿಲ್ಲ. 2023ರಲ್ಲಿ ತಜ್ಞರು ಫ್ಯಾಟಿ ಲಿವರಿನ ಹೆಸರೇ ಬದಲಿಸಿ 'ಮೆಟಬಾಲಿಕ್' ಅನ್ನೋ ಪದ ಸೇರಿಸಿದ್ದು ಅದಕ್ಕೇ.

ಈಗ ಅಪ್ಪ ದಿನಾ ಸಂಜೆ ನರೋಣಾದ ಹೊಲದ ದಾರಿ ಹಿಡಿದು ನಡೀತಾರ. ಅವತ್ತೇ ಆ ರಿಪೋರ್ಟು ನಾ ಓದಿದ್ರ ಎರಡು ವರ್ಷ ಉಳೀತಿತ್ತು.

ಗೆಳೆಯರೇ, ಮನ್ಯಾಗ ಯಾರಿಗರೆ ಫ್ಯಾಟಿ ಲಿವರ್ ಇದ್ರ ಮೂತ್ರದ ಎಸಿಆರ್ ಟೆಸ್ಟ್ ಬಗ್ಗೆ ಡಾಕ್ಟರಿಗೆ ಕೇಳ್ರಿ.