ಏಳು ಓಟಿನ ಮನೆ

2024ರ ನವೆಂಬರ್ ತಿಂಗಳು. ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿ ಕುಳಿತಿದ್ದೆವು. ಸಮಾಜ ವಿಜ್ಞಾನದ ಸರ್ ಪತ್ರಿಕೆ ಹರಡಿಕೊಂಡು ಅಮೆರಿಕದ ಅಧ್ಯಕ್ಷರ ಚುನಾವಣೆಯನ್ನು ವಿವರಿಸುತ್ತಿದ್ದರು. ಅಲ್ಲಿ ಐವತ್ತು ರಾಜ್ಯಗಳಿದ್ದರೂ ಬಹಳಷ್ಟು ಯಾರ ಕಡೆ ಎಂಬುದು ಮೊದಲೇ ಗೊತ್ತಂತೆ. ಪೆನ್ಸಿಲ್ವೇನಿಯಾ, ಮಿಷಿಗನ್, ಜಾರ್ಜಿಯಾ ಮೊದಲಾದ ಏಳು ರಾಜ್ಯಗಳು ಮಾತ್ರ ಹೊಯ್ದಾಡುತ್ತಿದ್ದವು. ಸಮೀಕ್ಷೆಯವರು ಕೊನೆಯ ದಿನದವರೆಗೂ ಸಮ ಸಮ ಎನ್ನುತ್ತಿದ್ದರು. ಪೆಟ್ಟಿಗೆ ತೆರೆದಾಗ ಏಳಕ್ಕೆ ಏಳೂ ಟ್ರಂಪ್ ಅವರ ಪಾಲಾದವು.

“ಇದಕ್ಕ ಅಷ್ಟು ದೂರ ಯಾಕ ಹೋಗಬೇಕ್ರೀ ಸರ್? ನಮ್ಮ ರಾಣೆಬೆನ್ನೂರ ಏನ್ ಕಡಿಮಿ ಹೊಯ್ದಾಡತೈತೇನು?” ಎಂದೆ. ಎಲ್ಲರೂ ನಕ್ಕರು. ಆದರೆ ನಾನು ಹೇಳಿದ್ದು ತಮಾಷೆಗಲ್ಲ.

ನೀವೇ ಲೆಕ್ಕ ಹಾಕಿ. 2018ರಲ್ಲಿ ರಾಣೆಬೆನ್ನೂರು ಕ್ಷೇತ್ರ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದ ಕೆ.ಬಿ. ಕೋಳಿವಾಡ ಅವರನ್ನು ಸೋಲಿಸಿ, ಕೆಪಿಜೆಪಿ ಎಂಬ ಹೊಸ ಪಕ್ಷದ ಆರ್. ಶಂಕರ್ ಅವರನ್ನು ಗೆಲ್ಲಿಸಿತು. ರಾಜ್ಯದಲ್ಲೆಲ್ಲ ಆ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸ್ಥಾನ. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯ ಅರುಣಕುಮಾರ ಪೂಜಾರ ಗೆದ್ದರು. 2023ರಲ್ಲಿ ಕಾಂಗ್ರೆಸ್ಸಿನ ಪ್ರಕಾಶ ಕೋಳಿವಾಡ. ಐದು ವರ್ಷದಲ್ಲಿ ಮೂರು ಪಕ್ಷ! ಪಕ್ಕದ ಬ್ಯಾಡಗಿಯದು ಇನ್ನೊಂದು ಬಗೆ: 2008ರಲ್ಲಿ ಬಿಜೆಪಿ, 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಮತ್ತೆ ಬಿಜೆಪಿ, 2023ರಲ್ಲಿ ಮತ್ತೆ ಕಾಂಗ್ರೆಸ್. ಹಳೆಯ ಗೋಡೆ ಗಡಿಯಾರದ ಲೋಲಕದ ಹಾಗೆ.

ಇಂಥ ಸೀಮೆಯಲ್ಲಿ ಭವಿಷ್ಯ ಹೇಳುವವರಿಗೇನೂ ಬರವಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ನಾನು ಬಹಳ ವರ್ಷ ಪಾಠ ಹೇಳಿದ ಕುಪ್ಪೇಲೂರಿನಲ್ಲಿ ಇದ್ದವರು ಲೆಕ್ಕದ ಕಾಕಾ. ಆ ಹೆಸರು ನಮ್ಮ ಶಾಲೆಯ ಮಕ್ಕಳು ಇಟ್ಟದ್ದು. ಅವರ ಹತ್ತಿರ ಉದ್ದನೆಯ ಒಂದು ಖಾತೆ ಪುಸ್ತಕ. ಮುಂದಿನ ಹಾಳೆಗಳಲ್ಲಿ ಗೋವಿನಜೋಳದ, ಹತ್ತಿಯ ಲೆಕ್ಕ. ಹಿಂದಿನ ಹಾಳೆಗಳಲ್ಲಿ ಓಟಿನ ಲೆಕ್ಕ. ಮನೆಯ ಯಜಮಾನನ ಹೆಸರು, ಅದರ ಮುಂದೆ ಓಟಿನ ಸಂಖ್ಯೆ, ಅದರ ಮುಂದೆ ಗುರುತು. ಒಂದು ಗೆರೆ ಎಂದರೆ ನಮ್ಮದು, ಎರಡು ಗೆರೆ ಎಂದರೆ ಅವರದು, ಸೊನ್ನೆ ಎಂದರೆ ತೂಗುವ ಮನೆ. ಸೊನ್ನೆಯ ಮನೆಗಳಿಗೆ ಸಂಜೆ ಹೊತ್ತು ಹೋಗಿ ಚಹಾ ಕುಡಿದು ಬರುತ್ತಿದ್ದರು. ತಮ್ಮ ಮನೆಯ ಮುಂದೆ ದಪ್ಪಗೆ ಬರೆದಿದ್ದರು: ಏಳು ಓಟು, ಒಂದು ಗೆರೆ.

ನಾನಾಗ ಅಲ್ಲಿಯ ಬಿ.ಎಲ್.ಓ. ಮತದಾರರ ಪಟ್ಟಿ ಹಿಡಿದು ಮನೆ ಮನೆ ಅಲೆಯುವ ಕೆಲಸ. ಕಾಕಾ ಅವರ ಮನೆಯ ಏಳು ಜನ ನನಗೆ ಗೊತ್ತು: ಕಾಕಾ, ಅವರ ಮುದಿ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಗಂಡಸರು ಮೂವರು, ಹೆಂಗಸರು ನಾಲ್ವರು.

2018ರ ಮೇ 12ರಂದು ಮತದಾನ. ಹಿಂದಿನ ವಾರ ಓಟಿನ ಚೀಟಿ ಕೊಡಲು ಹೋದಾಗ ಕಿರಿಯ ಸೊಸೆ ನೀರು ತಂದುಕೊಡುವ ನೆಪದಲ್ಲಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಕ್ಕೋರ, ಈ ಸಲ ಮಷೀನಿನ್ಯಾಗ ಚೀಟಿ ಬರತೈತಂತಲ್ರೀ. ಅದರಾಗ ನಮ್ಮ ಹೆಸರು ಇರತೈತೇನ್ರೀ?”

“ಇಲ್ಲವಾ. ಏಳು ಸೆಕೆಂಡು ಗಾಜಿನ ಒಳಗ ನಿನಗಷ್ಟ ಕಾಣತೈತಿ. ಆಮ್ಯಾಲೆ ಡಬ್ಬ್ಯಾಗ ಬೀಳತೈತಿ. ಚಿಹ್ನೆ ಇರತೈತಿ, ನಿನ್ನ ಹೆಸರು ಇರೂದಿಲ್ಲ.”

“ಖರೇನ್ರೀ?”

“ಖರೇನ.”

ಅವಳು ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬಾರದು ಕೂಡ.

ಮೇ 15ರಂದು ಎಣಿಕೆ. ಮತಯಂತ್ರ ಬಂದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಎಂಬುದು ಸಂಜೆಯೊಳಗೆ ಊರಿಗೆ ಬಂದುಬಿಡುತ್ತದೆ. ಕಾಕಾ ಅವರ ಲೆಕ್ಕಕ್ಕೆ ಐವತ್ತು-ಅರವತ್ತು ಓಟು ಕಡಿಮೆ. ಕಟ್ಟೆಯ ಮೇಲೆ ಗದ್ದಲ. ಪ್ರತಿಯೊಬ್ಬ ಯಜಮಾನನೂ ನಮ್ಮ ಮನೆಯದು ತಪ್ಪಿಲ್ಲ ಎಂದು ಆಣೆ ಮಾಡುವವನೇ. ಯಾರೋ ಒಬ್ಬರು, “ನಿನ್ನ ಮನೀದು ಗ್ಯಾರಂಟಿ ಏನೋ ಮಾರಾಯಾ?” ಎಂದರಂತೆ. ಆ ಮಾತು ಅವರಿಗೆ ಎದೆಗೆ ನಾಟಿತು.

ಮರುವಾರ ಪಟ್ಟಿಯ ಕೆಲಸಕ್ಕೆ ಆ ಮನೆಗೆ ಹೋದಾಗ ಪಡಸಾಲೆಯಲ್ಲಿ ವಿಚಾರಣೆ ನಡೆದಿತ್ತು. ಸೊಸೆಯರಿಬ್ಬರೂ ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಕಿರಿಯವಳ ಗಂಡನ ಮುಖ ಕೆಂಪಾಗಿತ್ತು. ಕಾಕಾ ನನ್ನನ್ನು ಕಂಡವರೇ, “ಬರ್ರಿ ಅಕ್ಕೋರ, ನೀವರ ಹೇಳ್ರಿ. ಇವರು ನಿಮ್ಮ ಮುಂದ ಏನರ ಅಂದಿದ್ರೇನು?” ಎಂದರು. ನನಗೆ ಆ ನೀರಿನ ತಂಬಿಗೆ ನೆನಪಾಗಿ ಎದೆ ಧಸಕ್ಕೆಂದಿತು. ನನ್ನ ಒಂದು ಮಾತಿಗೆ ಆ ಹುಡುಗಿ ತವರಿಗೆ ಹೋಗಬೇಕಾದೀತು.

“ಕಾಕಾ, ಯಾರ ಓಟು ಯಾರಿಗೆ ಅಂತ ಕೇಳೂದೂ ತಪ್ಪು, ಹೇಳೂದೂ ತಪ್ಪು. ಸರಕಾರದ ಕೆಲಸದಾಗ ಇರೋ ನನ್ನನ್ನ ಕೇಳಬ್ಯಾಡ್ರಿ” ಎಂದೆ. ದನಿ ನಡುಗುತ್ತಿತ್ತು.

ಆಗ ಒಳಗಿನಿಂದ ಕಾಕೂ ಬಂದರು. ರೊಟ್ಟಿ ಬಡಿಯುತ್ತಿದ್ದ ಕೈಯ ಹಿಟ್ಟನ್ನು ಕೂಡ ತೊಳೆದಿರಲಿಲ್ಲ. “ನಿಮ್ಮ ಪುಸ್ತಕದಾಗ ನನ್ನ ಹೆಸರು ಎಲ್ಲಿ ಐತಿ, ತೋರಸ್ರಿ ನೋಡೋಣು” ಎಂದರು. ಕಾಕಾ ಸುಮ್ಮನಾದರು. “ಇಲ್ಲಲ್ಲ? ಹೆಸರs ಬರೀದವರು ಲೆಕ್ಕ ಯಾಕ ಕೇಳತೀರಿ?” ಅಷ್ಟೇ ಹೇಳಿ ಒಳಗೆ ಹೋದರು. ವಿಚಾರಣೆ ಅಲ್ಲಿಗೆ ಮುಗಿಯಿತು.

ಆ ದಿನ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಮರಳುವಾಗ ನನ್ನದೇ ನೆನಪು. ಮದುವೆಯಾದ ಮೇಲಿನ ಮೊದಲ ಚುನಾವಣೆಗಳಲ್ಲಿ ನಮ್ಮ ಯಜಮಾನರು ಹೇಳಿದ ಗುರುತಿಗೇ ಒತ್ತಿದ್ದೆ. ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಪ್ರಜಾಪ್ರಭುತ್ವದ ಪಾಠ ಹೇಳುವವಳು! 1999ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಮತದಾನ ನಡೆಯಿತು. ಒಂದು ಓಟನ್ನು ಅವರು ಹೇಳಿದಂತೆ ಹಾಕಿದೆ, ಇನ್ನೊಂದನ್ನು ನನ್ನ ಮನಸ್ಸಿನಂತೆ. ಮನೆಗೆ ಬಂದಾಗ “ಹಾಕಿ ಬಂದಿ?” ಎಂದರು. “ಹೂಂ” ಎಂದೆ. ಆ “ಹೂಂ” ಎಂಬುದರಲ್ಲಿ ಎಷ್ಟು ಸುಳ್ಳು, ಎಷ್ಟು ಖರೆ ಎಂದು ಇವತ್ತಿನವರೆಗೂ ಹೇಳಿಲ್ಲ.

ನಮ್ಮ ದೇಶದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆದಾಗ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿ, ತಮ್ಮ ಹೆಸರು ಹೇಳಲು ಒಪ್ಪದಿದ್ದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರು ಸ್ವಂತ ಹೆಸರಿಲ್ಲದೆ ಓಟಿಲ್ಲ ಎಂದು ಗಟ್ಟಿಯಾಗಿ ನಿಂತರು. ಪಟ್ಟಿಯಲ್ಲಿ ನಮಗೆ ಹೆಸರು ಬಂದು ಎಷ್ಟೋ ವರ್ಷವಾಯಿತು. ಕಟ್ಟೆಯ ಪುಸ್ತಕಕ್ಕೆ ಮಾತ್ರ ಇನ್ನೂ ಬಂದಿರಲಿಲ್ಲ.

ದೊಡ್ಡ ದೊಡ್ಡ ಭವಿಷ್ಯಕಾರರೂ ಎಡವುವುದು ಇಲ್ಲೇ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಟೆಲಿಫೋನು, ಮೋಟಾರು ಕಾರು ಇದ್ದವರ ಪಟ್ಟಿ ಹಿಡಿದು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿ, ರೂಸ್ವೆಲ್ಟ್ ಸೋಲುತ್ತಾರೆ ಎಂದು ಸಾರಿತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಫೋನಿಲ್ಲದ ಬಡವರನ್ನು ಆ ಪತ್ರಿಕೆ ಬಹುಮಟ್ಟಿಗೆ ಕೇಳಿರಲಿಲ್ಲ.

ಇತ್ತೀಚೆಗೆ ನಮ್ಮನ್ನೂ ಕೇಳುತ್ತಾರೆ, ಆದರೆ ಒಂದೇ ಚೀಲದಲ್ಲಿ ತುಂಬಿಬಿಡುತ್ತಾರೆ. 2023ರಲ್ಲಿ ಬಸ್ ಪ್ರಯಾಣ ಉಚಿತವಾಯಿತು, ಗೃಹಲಕ್ಷ್ಮಿಯ ಎರಡು ಸಾವಿರ ಬಂತು; ಇನ್ನು ಹೆಂಗಸರೆಲ್ಲ ಒಂದೇ ಕಡೆ ಎಂದರು ಹಲವರು. ಹಾವೇರಿ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ 2023ರಲ್ಲಿ ಏಳು ಕಾಂಗ್ರೆಸ್ಸಿಗೆ ಬಂದಿದ್ದವು. ಮರುವರ್ಷ ಲೋಕಸಭೆಗೆ ಗೆದ್ದದ್ದು ಬಿಜೆಪಿಯ ಬಸವರಾಜ ಬೊಮ್ಮಾಯಿ. ಇದನ್ನು ಚಂಚಲತೆ ಎನ್ನುತ್ತಾರೆ. ನಾನು ಎನ್ನುವುದಿಲ್ಲ. ಒಂದೇ ಅಕ್ಕಿಯಿಂದ ಹಬ್ಬಕ್ಕೊಂದು, ಜ್ವರಕ್ಕೊಂದು ಅಡುಗೆ ಮಾಡುವವರಿಗೆ, ಬೆಂಗಳೂರಿಗೆ ಒಬ್ಬರನ್ನು, ದಿಲ್ಲಿಗೆ ಒಬ್ಬರನ್ನು ಕಳಿಸುವುದು ಕಷ್ಟದ ಲೆಕ್ಕವೇ?

2023ರ ಚುನಾವಣೆಗೆ ಮುಂಚೆ ಕಾಕಾ ಪುಸ್ತಕ ಹಿಡಿದು ಶಾಲೆಗೇ ಬಂದರು. ಸೊಸೆಯರ ಹೆಸರು ಪಟ್ಟಿಯಲ್ಲಿ ಹೇಗಿದೆ ಎಂದು ಕೇಳಿದರು. ಮದುವೆಯಲ್ಲಿ ಬದಲಿಸಿದ ಹೆಸರಿನಿಂದಲೇ ಮನೆಯಲ್ಲಿ ಕರೆಯುತ್ತಿದ್ದುದರಿಂದ ಕಿರಿಯವಳ ತವರಿನ ಹೆಸರು ಅವರಿಗೆ ಮರೆತೇ ಹೋಗಿತ್ತು. ನಾನು ಹೇಳಿದೆ. ಏಳು ಸಾಲು ಬರೆದರು. ಗಂಡಸರ ಮುಂದೆ ಒಂದೊಂದು ಗೆರೆ ಎಳೆದರು. ಹೆಂಗಸರ ಹೆಸರಿನ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಖಾಲಿ ಬಿಟ್ಟು ಪುಸ್ತಕ ಮುಚ್ಚಿದರು. “ಅದು ಅವರಿಗೆ ಬಿಟ್ಟದ್ದು ಬಿಡ್ರಿ ಅಕ್ಕೋರ” ಎಂದರು.

ಈ ಪುಸ್ತಕ ಅಚ್ಚಾದ ಮೇಲೆ ನಮ್ಮ ಯಜಮಾನರು ಓದುತ್ತಾರೆ. 1999ರ ಎರಡು ಓಟುಗಳಲ್ಲಿ ಯಾವುದು ನನ್ನದು ಎಂದು ಕೇಳದೆ ಬಿಡುವವರಲ್ಲ. ನಾನು ಹೇಳುವವಳಲ್ಲ.