ಹೇಡ್ರಿಯನ್ ಗೋಡೆಗುಂಟ

ನ್ಯೂಕ್ಯಾಸಲ್
ಸೋಮವಾರ ರಾತ್ರಿ

ಪ್ರೀತಿಯ ಅಕ್ಕ,

ಕಾಲು ನೋವು ಇನ್ನೂ ಇಳಿದಿಲ್ಲ. ಆದರೂ ನಾಳೆ ಆಫೀಸಿನ ಗಡಿಬಿಡಿಯಲ್ಲಿ ಮರೆತುಹೋದೀತೆಂದು ಈಗಲೇ ಬರೆಯಲು ಕೂತಿದ್ದೇನೆ. ಶನಿವಾರ ಭಾನುವಾರ ಇವರೂ ನಾನೂ ರೋಮನ್ನರ ಗೋಡೆಗುಂಟ ನಡೆದು ಬಂದೆವು. ಭಾವನಿಗೂ ಓದಿ ಹೇಳು, ಇತಿಹಾಸದ ಮೇಷ್ಟ್ರಿಗೆ ಇದರ ರುಚಿ ಹೆಚ್ಚು.

ಕ್ರಿ.ಶ. 122ರಲ್ಲಿ ಸಾಮ್ರಾಟ ಹೇಡ್ರಿಯನ್ ಬ್ರಿಟನ್ನಿಗೆ ಬಂದ. ಗೋಡೆಯ ಕೆಲಸ ಶುರುವಾದದ್ದು ಆಗಲೇ. ಪೂರ್ವಕ್ಕೆ ಟೈನ್ ನದಿಯ ದಂಡೆಯಿಂದ ಪಶ್ಚಿಮಕ್ಕೆ ಸಾಲ್ವೇ ಕೊಲ್ಲಿಯ ತನಕ ಸುಮಾರು 117 ಕಿಲೋಮೀಟರ್. ಮೂರು ಲೀಜನ್‌ಗಳ ಸೈನಿಕರೇ ಕಲ್ಲು ಹೊತ್ತು ಕಟ್ಟಿದ್ದು. ಇದೇ ಇಂಗ್ಲೆಂಡ್ ಸ್ಕಾಟ್ಲೆಂಡ್ ಗಡಿ ಎಂದುಕೊಂಡವರು ಇಲ್ಲೂ ಇದ್ದಾರೆ. ಅಲ್ಲ, ಇಡೀ ಗೋಡೆ ಇಂಗ್ಲೆಂಡಿನೊಳಗೇ ಇದೆ.

ನಾವು ಆರಿಸಿಕೊಂಡದ್ದು ನಡುವಿನ ಒಂದು ತುಂಡು, ಸ್ಟೀಲ್ ರಿಗ್‌ನಿಂದ ಹೌಸ್‌ಸ್ಟೆಡ್ಸ್ ಕೋಟೆಯವರೆಗೆ. ಇಲ್ಲಿ ಕಪ್ಪು ಬಂಡೆಯ ಏಣೊಂದು ಉತ್ತರಕ್ಕೆ ಕಡಿದಾಗಿ, ದಕ್ಷಿಣಕ್ಕೆ ಇಳಿಜಾರಾಗಿ ಮಲಗಿದೆ. ಗೋಡೆ ಅದರ ನೆತ್ತಿಯ ಮೇಲೇ ಏರಿ ಇಳಿದು ಹೋಗುತ್ತದೆ. ಎಷ್ಟೋ ಕಡೆ ಎದೆಮಟ್ಟ, ಕೆಲವೆಡೆ ತಲೆಮಟ್ಟ. ಎರಡೂ ಮುಖಕ್ಕೆ ಚೌಕವಾಗಿ ಕಡೆದ ಕಲ್ಲು, ಒಬ್ಬ ಆಳು ಎತ್ತಬಹುದಾದಷ್ಟು ಗಾತ್ರದ್ದು. ಒಳಗೆ ತುಂಬಿದ್ದು ಜಲ್ಲಿಯೂ ಸುಣ್ಣವೂ ಮಣ್ಣೂ. ಗಾಳಿ ಮಾತ್ರ ಕಿವಿ ಕಿತ್ತುಹೋಗುವ ಹಾಗೆ. ಇವರ ಟೊಪ್ಪಿ ಹಾರಿ ಕುರಿಗಳ ಮಧ್ಯೆ ಬಿತ್ತು, ಒಂದು ಕುರಿಯೂ ತಲೆ ಎತ್ತಲಿಲ್ಲ!

ರೋಮನ್ ಮೈಲಿಗೊಂದರಂತೆ ಪುಟ್ಟ ಕೋಟೆಮನೆ, ಅದರಲ್ಲಿ ಉತ್ತರಕ್ಕೊಂದು ಬಾಗಿಲು. ಹೌಸ್‌ಸ್ಟೆಡ್ಸ್ ಹತ್ತಿರ ಬಂದಾಗ ಸಿಗುವ 37ನೆಯದರ ಬಾಗಿಲ ಕಮಾನಿನ ಬುಡ ಇನ್ನೂ ನಿಂತಿದೆ. ಅದರಲ್ಲಿ ನಿಂತು ಆಚೆ ನೋಡಿದರೆ ನೆಲ ಕಡಿದಾಗಿ ಕುಸಿದಿದೆ. ಗಾಡಿ ಹಾಗಿರಲಿ, ಮೇಕೆಯೂ ಯೋಚಿಸಿ ಕಾಲಿಡಬೇಕು. ಮೈಲಿಗೊಂದು ಬಾಗಿಲು ಎಂದು ಮೇಲಿನಿಂದ ಆಜ್ಞೆ ಬಂದಿತ್ತು, ಇಟ್ಟುಬಿಟ್ಟರು ಎಂದೇ ನನಗನ್ನಿಸಿತು. ಸರ್ಕಾರಿ ಕೆಲಸ ಯಾವ ಕಾಲದಲ್ಲೂ ಹೀಗೇ.

ಆದರೆ ಶತ್ರುವನ್ನು ತಡೆಯುವುದೊಂದೇ ಉದ್ದೇಶವಾಗಿದ್ದರೆ ಇಷ್ಟೊಂದು ಬಾಗಿಲು ಯಾಕೆ ಬೇಕಿತ್ತು? ನನಗಂತೂ ಇದು ಯುದ್ಧದ ಗೋಡೆಗಿಂತ ಉದ್ದದ ಸುಂಕದ ಕಟ್ಟೆಯ ಹಾಗೆ ಕಂಡಿತು. ಯಾರು ಬಂದರು, ಏನು ತಂದರು, ಎಲ್ಲಿಗೆ ಹೊರಟರು ಎಂದು ನೋಡಿ ಬಿಡುವ ಏರ್ಪಾಡು. ಭಾವ ಒಪ್ಪದಿದ್ದರೆ ಜಗಳಕ್ಕೆ ಸಿದ್ಧ.

ದಾರಿಯಲ್ಲೊಂದು ತಗ್ಗಿನಲ್ಲಿ ಸಿಕಮೋರ್ ಮರವೊಂದಿತ್ತು, ಫೋಟೋಗಳಲ್ಲಿ ನೀನೂ ನೋಡಿರುತ್ತೀ. 2023ರ ಸೆಪ್ಟೆಂಬರಿನ ಒಂದು ರಾತ್ರಿ ಇಬ್ಬರು ಅದನ್ನು ಗರಗಸದಿಂದ ಕೊಯ್ದು ಕೆಡವಿದರು. 2025ರಲ್ಲಿ ಇಬ್ಬರಿಗೂ ಜೈಲಾಯಿತು. ಉಳಿದ ಬುಡ ಚಿಗುರೊಡೆದಿದೆ.

ಗೋಡೆಯ ಉಳಿದ ಕಲ್ಲೆಲ್ಲ ಎಲ್ಲಿ ಹೋಯಿತು ಅನ್ನುತ್ತೀಯಾ? ಊರವರ ಮನೆಗೆ, ಚರ್ಚಿಗೆ, ದೊಡ್ಡಿಗೆ. 18ನೇ ಶತಮಾನದಲ್ಲಿ ಸೈನ್ಯದ ರಸ್ತೆ ಹಾಕುವಾಗ ಪೂರ್ವದ ಕಡೆ ಮೈಲಿಗಟ್ಟಲೆ ಗೋಡೆಯನ್ನೇ ಕೆಡವಿ ಬುಡಕ್ಕೆ ಹಾಸಿದರು. ಮುಂದಿನ ಶತಮಾನದಲ್ಲಿ ಜಾನ್ ಕ್ಲೇಟನ್ ಎಂಬ ನ್ಯೂಕ್ಯಾಸಲ್ಲಿನ ವಕೀಲ ಗೋಡೆಯಿದ್ದ ಜಮೀನುಗಳನ್ನು ಒಂದೊಂದಾಗಿ ಕೊಂಡು, ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದ. ನಾವು ನೋಡಿ ಬೆರಗಾದದ್ದರಲ್ಲಿ ಬಹಳಷ್ಟು ಅವನ ಆಳುಗಳು ಇಟ್ಟ ಕಲ್ಲೇ.

ಹೌಸ್‌ಸ್ಟೆಡ್ಸ್‌ನಲ್ಲಿ ಎಲ್ಲರೂ ಮುತ್ತಿಕೊಳ್ಳುವುದು ಸೈನಿಕರ ಪಾಯಖಾನೆಯನ್ನು! ಸಾಲಾಗಿ ಕೂರುವ ಜಾಗ, ಕೆಳಗೆ ಆಳದ ಕಾಲುವೆ, ಮಳೆನೀರು ಹಿಡಿದಿಡಲು ಕಲ್ಲಿನ ತೊಟ್ಟಿ. ಆ ತೊಟ್ಟಿಯ ಅಂಚು ಸವೆದು ನುಣ್ಣಗಾಗಿದೆ. ಇಲ್ಲಿದ್ದ ಪಡೆ ಈಗಿನ ಬೆಲ್ಜಿಯಂ ಕಡೆಯದು. ಗೋಡೆಯ ಬೇರೆ ಠಾಣ್ಯದಲ್ಲಿ ಸಿರಿಯಾದ ಬಿಲ್ಲುಗಾರರೂ ಇದ್ದರು. ಆ ಬಿಸಿಲಿನಿಂದ ಈ ಮಂಜಿಗೆ ಬಂದವರ ಪಾಡು ನನಗೆ ಚೆನ್ನಾಗಿ ಗೊತ್ತು.

ಮರುದಿನ ವಿಂಡೋಲಾಂಡ ನೋಡಿದೆವು. ಇದು ಗೋಡೆಗಿಂತ ಹಳೆಯ ಠಾಣ್ಯ, ಗೋಡೆಯಿಂದ ಕೊಂಚ ದಕ್ಷಿಣಕ್ಕೆ. 1973ರಲ್ಲಿ ಇಲ್ಲಿನ ಕೆಸರಿನಲ್ಲಿ ಶಾಯಿಯಲ್ಲಿ ಕಾಗದ ಬರೆದ ಮರದ ತೆಳು ಹಲಗೆಗಳು ಸಿಕ್ಕವು, ಪೋಸ್ಟ್ ಕಾರ್ಡಿನಷ್ಟು ದೊಡ್ಡವು. ಗಾಳಿಯಾಡದ ಒದ್ದೆ ಮಣ್ಣಾದ್ದರಿಂದ ಮರ ಕೊಳೆಯಲಿಲ್ಲ, ಶಾಯಿಯೂ ಅಳಿಯಲಿಲ್ಲ. ಯಾರೋ ಒಬ್ಬ ಸೈನಿಕನಿಗೆ ಕಾಲುಚೀಲ, ಚಪ್ಪಲಿ, ಒಳಚಡ್ಡಿ ಕಳಿಸಿದ್ದೇನೆ ಎಂದು ಬರೆದದ್ದೂ ಅದರಲ್ಲಿದೆ. ಕ್ರಿ.ಶ. 100ರ ಸುಮಾರಿಗೆ ಕ್ಲಾಡಿಯಾ ಸೆವೆರಾ ಎಂಬಾಕೆ ಇಲ್ಲಿನ ದಳಪತಿಯ ಹೆಂಡತಿ ಲೆಪಿಡಿನಾಳಿಗೆ ಬರೆದ ಕಾಗದ ಇನ್ನೂ ಚೆನ್ನ. ಸೆಪ್ಟೆಂಬರ್ 11ಕ್ಕೆ ನನ್ನ ಹುಟ್ಟುಹಬ್ಬ, ನೀನು ಬಂದರೇನೇ ಸಂತೋಷ ಎಂಬ ಅರ್ಥದ ಕರೆಯೋಲೆ. ಗುಮಾಸ್ತನ ಕೈಯಲ್ಲಿ ಬರೆಸಿ, ಕೊನೆಯ ಸಾಲುಗಳನ್ನು ತಾನೇ ಗೀಚಿ, ಅವಳನ್ನು ಸೋದರಿ ಎಂದು ಕರೆದಿದ್ದಾಳೆ. ಹೆಂಗಸೊಬ್ಬಳ ಕೈಬರಹದ ಲ್ಯಾಟಿನ್‌ನಲ್ಲಿ ಉಳಿದುಬಂದ ಅತಿ ಹಳೆಯವುಗಳಲ್ಲಿ ಅದೂ ಒಂದಂತೆ. ನಾಲ್ಕೇ ಸಾಲು, ಅಕ್ಷರ ಸೊಟ್ಟಗೆ. ಇಡೀ ಗೋಡೆಗಿಂತ ನನಗೆ ಅದೇ ದೊಡ್ಡದೆನ್ನಿಸಿತು.

ಮುಂದಿನ ವರ್ಷ ಬರುವುದಾದರೆ ಬೇಸಿಗೆಯಲ್ಲೇ ಬನ್ನಿ, ಚಳಿಗಾಲದಲ್ಲಿ ಹಗಲೂ ಕಡಿಮೆ, ಬಸ್ಸೂ ಕಡಿಮೆ. ಅಮ್ಮನ ಮಂಡಿಗೆ ಸ್ಟೀಲ್ ರಿಗ್ ಏರು ಆಗದು, ವಿಂಡೋಲಾಂಡಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗೋಣ. ಭಾವನ ಕಾಲಿನ ಅಳತೆ ಬರೆದು ಕಳಿಸು, ಬೂಟು ಇಲ್ಲೇ ಕೊಳ್ಳುತ್ತೇನೆ.

ನಿನ್ನ ತಂಗಿ