ಯೆಜ್ಡಿ ಬೋರು ಉಜ್ಜಿದ ಕತೆ

ಹೋದ ಸಲ ಉಳ್ಳಿಕಾಳು ಬಸ್ಸಾರಿನ ಬಗ್ಗೆ ಬರ್ದಿದ್ದೆ. ಈ ಸಲ ಅಡುಗೆಮನೆ ಬಿಟ್ಟು ಜಗಲಿಗೆ ಬಂದಿದೀನಿ. ಕಾರಣ ನಮ್ಮ ಚಿಕ್ಕತ್ತೆ ಮಗಳು. ಮೊನ್ನೆ ಫೋನ್ ಮಾಡಿ, "ಅಕ್ಕ, ನಮ್ಮುಡ್ಗ ಗಾಡಿ ಇಂಜಿನ್ ಬಿಚ್ಚಿ ಅದೇನೋ ಪೋರ್ಟಿಂಗ್, ಪಾಲಿಶ್ ಅಂತೆ, ಮನೇಲೇ ಮಾಡ್ತೀನಿ ಅಂತ ಕುಂತವ್ನೆ. ನಿಮ್ಮನೇಲೂ ಮಾಡಿದ್ರಂತಲ್ಲ, ದುಡ್ಡು ಕೊಡ್ಲಾ ಬ್ಯಾಡ್ವಾ?" ಅಂದ್ಲು. ಫೋನ್ನಲ್ಲಿ ಹೇಳಿ ಮುಗಿಯೋ ಮಾತಲ್ಲ, ಬರೀತೀನಿ ಇರು ಅಂದೆ.

ನಮ್ಮ ಮಾವನವರ ಯೆಜ್ಡಿ ರೋಡ್‌ಕಿಂಗ್ ನಿಮ್ಗೆಲ್ಲ ಗೊತ್ತು. 1984ರಲ್ಲಿ ತಗೊಂಡಿದ್ದು. ಸೋಮನಾಥಪುರದಾಗೆ ಅದರ ಸದ್ದು ಕೇಳಿದ್ರೆ ಸಾಕು, ನಾನು ಕಾಫಿಗೆ ನೀರಿಡ್ತಿದ್ದೆ. ನಮ್ಮ ಮೈಸೂರಲ್ಲೇ ಐಡಿಯಲ್ ಜಾವಾ ಫ್ಯಾಕ್ಟರೀಲಿ ಆದ ಗಾಡಿ ಅದು. ಆ ಫ್ಯಾಕ್ಟರಿ 1996ರಲ್ಲಿ ಮುಚ್ಚಿ ಹೋಯ್ತು. ಮಾವ ಹೋದ್ಮೇಲೂ ನಮ್ಮನೆಯೋರು ಭಾನುವಾರಕ್ಕೊಂದು ಸಲ ಅದನ್ನ ಒರೆಸಿ, ಕಿಕ್ ಹೊಡೆದು, ಬನ್ನೂರಿಗೆ ಹೋಗಿ ಬರೋರು. ಗಾಡಿ ಮೇಲೆ ಕುಂತ್ರೆ ಅಪ್ಪನ ಜೊತೆ ಮಾತಾಡ್ದಂಗೆ ಅವ್ರಿಗೆ.

ಮಗ ಮೊಬೈಲಲ್ಲಿ ವಿಡಿಯೋ ನೋಡಿ ನೋಡಿ ಒಂದಿನ ಶುರು ಹಚ್ಕೊಂಡ. "ಅವ್ವ, ಕಾರ್ಬೊರೇಟರಿಂದ ಇಂಜಿನ್ ಒಳಕ್ಕೆ ಗಾಳಿ, ಪೆಟ್ರೋಲು ಹೋಗೋ ದಾರಿ ಐತಲ್ಲ, ಅದು ಒರಟು ಒರಟಾಗಿರ್ತದೆ. ಅದನ್ನ ಒಸಿ ಅಗಲ ಮಾಡಿ ನುಣ್ಣಗೆ ಉಜ್ಜಿದ್ರೆ ಗಾಳಿ ಸಲೀಸಾಗಿ ನುಗ್ತದೆ, ಪಿಕಪ್ ಬತ್ತದೆ. ನಮ್ಮೂರ ಗುಡಿ ಕಂಬ ನೋಡು, ಎಂಗವೆ!" ಅಂದ. ಗುಡಿ ಕಂಬದ ಮಾತು ಎತ್ತಿದ್ನಲ್ಲ, ನಾನು ಕರಗಿಬಿಟ್ಟೆ. ಚೀಟಿ ದುಡ್ಡಲ್ಲಿ 3,000 ತೆಗೆದು ಕೊಟ್ಟೆ, ಅವರಪ್ಪನಿಗೆ ಹೇಳದೆ. ತಪ್ಪು ಅಲ್ಲೇ ಆಗಿದ್ದು. ಅದನ್ನ ಮೊದ್ಲೇ ಒಪ್ಕೊಂಡುಬಿಡ್ತೀನಿ.

ಅವರು ಮದುವೆಗೆ ಅಂತ ಎರಡು ದಿನ ಊರಿಗೆ ಹೋಗಿದ್ರು. ಇವ್ನು ಬೋರು ಬಿಚ್ಚಿ ಜಗಲಿ ಮೇಲೆ ಇಟ್ಕೊಂಡ. ಕೈಯಲ್ಲಿ ಹಿಡಿಯೋ ಸಣ್ಣ ಗ್ರೈಂಡರು, ಅರ, ಉಪ್ಪುಕಾಗದ. ಮನೆ ತುಂಬ ಕಬ್ಬಿಣದ ಪುಡಿ. ಆಮೇಲೆ ಪಾತ್ರೆ ತೊಳೆಯೋ ಕಲ್ಲಿನ ಮೇಲೆ ಸೀಮೆಎಣ್ಣೆ, ಸೋಪು ಹಾಕಿ ತೊಳೆದ. ಅದೊಂದು ಮಾತ್ರ ಸರಿಯಾಗಿ ಮಾಡ್ದ. ಒಂದು ಚಿಟಿಕೆ ಪುಡಿ ಒಳಗೆ ಉಳಿದಿದ್ರೂ ಪಿಸ್ಟನ್ನು, ಬೋರು ಎರಡೂ ಗೀರಿ ಹಾಳಾಗ್ತಿದ್ವಂತೆ. ದಾರಿ ಒಳಗೆ ಬೆರಳಾಡಿಸಿ ನೋಡ್ದೆ, ಬೆಣ್ಣೆ ಸವರಿದಂಗಿತ್ತು. ನನಗೂ ಖುಷಿ ಆಯ್ತು ಕಣ್ರೀ.

ಗಾಡಿ ಜೋಡ್ಸಿದ್ಮೇಲೆ ಒಂದು ಮಂಗಳವಾರ ನನ್ನ ಹಿಂದೆ ಕೂರಿಸ್ಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟ. ಮೈಸೂರು ರೋಡಲ್ಲಿ ಓಡ್ತು, ಸುಳ್ಳು ಹೇಳಲ್ಲ. ಜೋರಾಗಿ ಎಳೆದಾಗ ಮೊದಲಿಗಿಂತ ಚೆನ್ನಾಗೇ ಓಡ್ತು. ಬೆಟ್ಟದ ತಿರುವಲ್ಲಿ ನಿಧಾನ ಮಾಡಿದ್ನೋ ಇಲ್ವೋ, ಕೆಮ್ಮೋಕೆ ಶುರು. ಎಳೆಯೋದೇ ಇಲ್ಲ. ಕಾರ್ಬೊರೇಟರಿಂದ ಪೆಟ್ರೋಲು ವಾಪಸ್ ಉಗುಳಿ ನನ್ನ ಸೀರೆ ಅಂಚಿಗೆಲ್ಲ ವಾಸನೆ. ಮಾವನವರು ಮೂರು ಜನನ ಕೂರಿಸ್ಕೊಂಡು ಹತ್ತಿಸಿದ್ದ ಬೆಟ್ಟ ಅದು. ಅವತ್ತು ನಾನು ಇಳಿದು ಒಂದು ತಿರುವು ನಡೆದೆ. ಲೀಟರ್‌ಗೆ 28 ಕಿಲೋಮೀಟರ್ ಕೊಡ್ತಿದ್ದ ಗಾಡಿ 22ಕ್ಕೆ ಬಂತು.

ನಮ್ಮನೆಯೋರು ಮುಂದಿನ ಭಾನುವಾರ ಕಿಕ್ ಹೊಡೆದ್ರು. ಒಂದು ನಿಮಿಷ ಕಿವಿ ಕೊಟ್ಟು ಕೇಳಿದ್ರು. "ಇದು ಅಪ್ಪನ ಗಾಡಿ ಸದ್ದಲ್ಲ" ಅಂದು ಆಫ್ ಮಾಡಿ ಒಳಗೆ ಹೋದ್ರು. ಬೈಲಿಲ್ಲ. ಬೈದಿದ್ರೇ ವಾಸಿ ಇತ್ತು. ಎರಡು ತಿಂಗಳು ಆ ಗಾಡಿ ಮುಟ್ಟಲಿಲ್ಲ, ಮಗನ ಹತ್ರ ಎಷ್ಟು ಬೇಕೋ ಅಷ್ಟೇ ಮಾತು.

ತಡೆಯೋಕಾಗ್ದೆ ನಾನೇ ಮಗನ್ನ ಕರ್ಕೊಂಡು, ಮೈಸೂರಲ್ಲಿ ಹಳೇ ಜಾವಾ, ಯೆಜ್ಡಿನೇ ರಿಪೇರಿ ಮಾಡೋ ವಯಸ್ಸಾದ ಮೇಸ್ತ್ರಿ ಒಬ್ಬರ ಹತ್ರ ಹೋದೆ. ಬೋರು ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, ನನಗೇ ಕೇಳಿದ್ರು. "ತಾಯಿ, ಮನೇಲಿ ಒರಳುಕಲ್ಲು ಐತಾ? ಸವೆದು ನುಣ್ಣಗಾದ್ರೆ ಏನ್ಮಾಡ್ತೀರಿ?" ಕಲ್ಲು ಕುಟ್ಟಿಸ್ತೀವಿ ಅಂದೆ. "ನುಣ್ಣಗಿದ್ರೆ ಅರೆಯಲ್ಲ ಅಲ್ವಾ? ಇದೂ ಹಂಗೇ. ಪೆಟ್ರೋಲು ಪೂರ್ತಿ ಆವಿಯಾಗಿ ಹೋಗಲ್ಲ, ತುಂತುರಾಗಿ ಹೋಗ್ತದೆ. ಗೋಡೆ ಕನ್ನಡಿ ಥರ ಇದ್ರೆ ಅಂಟ್ಕೊಂಡು ಹರೀತದೆ. ಒಸಿ ತರಿ ಇದ್ರೆ ಗಾಳಿ ಕಲಕಿ ಎಬ್ಬಿಸ್ತದೆ. ಹೊಗೆ ಹೋಗೋ ಕಡೆ ಬೇಕಾದ್ರೆ ನುಣ್ಣಗೆ ಮಾಡು, ಮಸಿ ಕಮ್ಮಿ ಕಟ್ತದೆ."

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ನಮ್ಮ ಗಾಡಿ ಟೂ ಸ್ಟ್ರೋಕು. ಇದರಲ್ಲಿ ವಾಲ್ವ್ ಇಲ್ಲ, ಪಿಸ್ಟನ್ನೇ ಮೇಲೆ ಕೆಳಗೆ ಓಡಾಡ್ತಾ ಬಾಗಿಲು ತೆಗೆದು ಹಾಕೋದು ಮಾಡ್ತದೆ. ಇವ್ನು ಅಗಲ ಮಾಡೋ ಭರದಲ್ಲಿ ಗಾಳಿ ಬರೋ ಬಾಗಿಲಿನ ಹೊಸ್ತಿಲನ್ನೇ ಕೆಳಗೆ ಕೊರೆದಿದ್ದ. ಹೊಸ್ತಿಲು ತಗ್ಗಿದ್ರೆ ಬಾಗಿಲು ಬೇಗ ತೆಗೆದು ತಡವಾಗಿ ಮುಚ್ಚುತ್ತೆ. ಜೋರಾಗಿ ಓಡುವಾಗ ಅದು ಲಾಭ. ನಿಧಾನವಾಗಿದ್ದಾಗ ಒಳಗೆ ಬಂದಿದ್ದು ವಾಪಸ್ ಉಗುಳುತ್ತೆ. ರೇಸ್ ಓಡಿಸೋರಿಗೆ ಸರಿ. ಮೂಟೆ ಹೊತ್ತು ಬನ್ನೂರಿಗೆ ಹೋಗೋ ಗಾಡಿಗೆ ಯಾಕೆ?

"ಸರಿ ಮಾಡಕ್ಕಾಗಲ್ವಾ?" ಅಂತ ಮಗ ಕೇಳಿದ. ಮೇಸ್ತ್ರಿ ನಕ್ಕರು. ನನಗೆ ಉತ್ತರ ಗೊತ್ತಿತ್ತು. ಮೂವತ್ತು ವರ್ಷ ಬ್ಲೌಸ್ ಹೊಲಿದೋಳು ನಾನು. ಹೆಚ್ಚು ಬಿಟ್ಟಿದ್ರೆ ಹಿಡೀಬೋದು, ಹೆಚ್ಚು ಕತ್ತರಿಸಿದ್ರೆ ಮುಗೀತು.

ಗುಜರೀಲಿ ಹುಡುಕಿ ಹಳೇ ಬೋರು ತಂದು, ಕೊರೆಸಿ, ಹೊಸ ಪಿಸ್ಟನ್ ಹಾಕ್ಸೋ ಹೊತ್ತಿಗೆ 11,000 ಆಯ್ತು. ಮಗ ತನ್ನ ಸಂಬಳದಲ್ಲಿ ಕೊಟ್ಟ. ಈ ಸಲ ಮೇಸ್ತ್ರಿ ಅವ್ನ ಕೈಯಲ್ಲೇ ಒಂದು ಕೆಲಸ ಮಾಡ್ಸಿದ್ರು. ಕಾರ್ಬೊರೇಟರು, ಪ್ಯಾಕಿಂಗು, ಬೋರು ಸೇರೋ ಜಾಗದಲ್ಲಿ ಒಂದರ ತೂತಿಗೆ ಇನ್ನೊಂದು ಸಮ ಕೂರದೆ ಪ್ಯಾಕಿಂಗ್ ಅಂಚು ಒಳಗೆ ಚಾಚಿತ್ತು. ಅದನ್ನ ಸಮ ಮಾಡ್ದ. ಸೈಲೆನ್ಸರ್ ಕಡೆ ಕಟ್ಟಿದ್ದ ಮಸಿ ಕೆರೆದ. ಅಷ್ಟೇ. "ಮನೇಲಿ ಮಾಡೋ ಹಂಗಿದ್ರೆ ಇಷ್ಟೇ ಮಾಡಪ್ಪ, ಇದರಲ್ಲಿ ನಷ್ಟ ಇಲ್ಲ" ಅಂದ್ರು.

ಆವತ್ತು ಸಂಜೆ ಮಗ ಗಾಡಿ ತಂದು ಜಗಲಿ ಮುಂದೆ ನಿಲ್ಸಿ ಒಳಗೆ ಬರ್ದೆ ನಿಂತಿದ್ದ. ದುಡ್ಡು ಕೊಟ್ಟೋಳು ನಾನೇ ಅಂತ ಅವತ್ತು ಅವರಪ್ಪನ ಮುಂದೆ ಹೇಳ್ದೆ. ಅವರು ನನ್ನ ಮುಖ ನೋಡಿ, "ಗೊತ್ತಿತ್ತು" ಅಂದ್ರು. ಎದ್ದು ಹೋಗಿ ಕಿಕ್ ಹೊಡೆದು, ಹ್ಯಾಂಡಲ್ ಹಿಡಿದು, "ಹತ್ತು ಹಿಂದೆ" ಅಂದ್ರು ಮಗನಿಗೆ. ನಾನು ಕಾಫಿಗೆ ನೀರಿಟ್ಟೆ.

ಅದಕ್ಕೇ ತಂಗಿ, ನಿನ್ ಮಗನಿಗೆ ದುಡ್ಡು ಕೊಡು, ಆದ್ರೆ ಗುಜರಿ ಬೋರು ತರೋಕೆ ಕೊಡು. ಕೈ ಪಳಗೋದು ಅದರ ಮೇಲೆ ಪಳಗ್ಲಿ. ಗಾಡಿಗೆ ಮೊದ್ಲು ರಿಂಗು, ಪ್ಲಗ್ಗು, ಏರ್ ಫಿಲ್ಟರು ಸರಿ ಮಾಡ್ಸು, ಅರ್ಧ ಪಿಕಪ್ ಅಲ್ಲೇ ವಾಪಸ್ ಬರ್ತದೆ. ಬಾಗಿಲ ಅಂಚು ಮಾತ್ರ ಮುಟ್ಟಬೇಡ ಅನ್ನು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ನಾನು ಆ ಬೆಟ್ಟದಲ್ಲಿ ಒಂದು ತಿರುವು ನಡೆದು ಬಂದೋಳು. ಇನ್ನೊಂದು, ಅವರಪ್ಪನಿಗೆ ಹೇಳಿ ಕೊಡು.

ಮಾವನವರ ಹಳೇ ಬೋರು ನಮ್ಮನೆ ಅಟ್ಟದ ಮೇಲೈತೆ. ಬಂದಾಗ ತೋರಿಸ್ತೀನಿ. ಒಳಗೆ ಬೆರಳಾಡಿಸಿ ನೋಡಿ, ಈಗ್ಲೂ ಬೆಣ್ಣೆ ಥರಾನೇ ಐತೆ.